ಹೆಸರು ಹೇಳದೆ ಬಿಟ್ಟ ಹಣ್ಣು

ಚೆನ್ನಾಜಮ್ಮ ಬೆಳಿಗ್ಗೆ ಬಾಯಿ ಮುಕ್ಕಳಿಸಿ ಉಗುಳಿದಳು. ಬಚ್ಚಲ ಕಲ್ಲು ಕೆಂಪಾಯಿತು. ಯಾರೂ ನೋಡುವ ಮೊದಲೇ ನೀರು ಸುರಿದಳು. ಹಿಂದೆ ಗಂಡ ಗುರುಬಸಪ್ಪ ನಿಂತಿದ್ದ.

"ಇವತ್ತೂ ರಕ್ತವೇ?"

ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಒಸಡು ಊದಿತ್ತು, ಹಲ್ಲುಗಳು ಅಲುಗಾಡುತ್ತಿದ್ದವು. ಏಟೇ ಬೀಳದ ಕಾಲಿನ ಮೇಲೆ ಕಪ್ಪು ಕಲೆಗಳು ಎದ್ದಿದ್ದವು. ಗಂಗೆ ಮುನಿದಿದ್ದಾಳೆ ಎಂದೇ ಆಕೆಯ ಎದೆ ಹೇಳುತ್ತಿತ್ತು.

ಹಿಂದಿನ ವರ್ಷ ಗುರುಬಸಪ್ಪ ವಿಷಮಜ್ವರದಿಂದ ಉಳಿದಾಗ ಇಬ್ಬರೂ ಕಾಶಿಗೆ ಹೋಗಿದ್ದರು. ಅಲ್ಲಿಗೆ ಹೋದವರು ಒಂದು ಹಣ್ಣು, ಒಂದು ಕಾಯಿ, ಒಂದು ಸೊಪ್ಪನ್ನು ಇನ್ನು ತಿನ್ನುವುದಿಲ್ಲವೆಂದು ಬಿಟ್ಟು ಬರುವುದು ವಾಡಿಕೆ. ಚಳಿನೀರಿನಲ್ಲಿ ನಡುಗುತ್ತ ನಿಂತ ಚೆನ್ನಾಜಮ್ಮ, "ಇವರ ಉಸಿರು ಕಾಪಾಡು ತಾಯಿ. ಹಣ್ಣು ಬಿಟ್ಟೆ, ಕಾಯಿ ಬಿಟ್ಟೆ, ಸೊಪ್ಪು ಬಿಟ್ಟೆ" ಎಂದು ಮುಳುಗಿ ಎದ್ದಳು. ಯಾವುದೆಂದು ಹೇಳಲಿಲ್ಲ. ದಡಕ್ಕೆ ಬಂದ ಮೇಲೆ ಅದು ಹೊಳೆಯಿತು. ಮಾತು ಆಗಿಹೋಗಿತ್ತು.

ಅಂದಿನಿಂದ ಎಲ್ಲವನ್ನೂ ಬಿಟ್ಟಳು. ಹುಣಸೆಹಣ್ಣೂ ಹಣ್ಣೇ, ನಿಂಬೆಹಣ್ಣೂ ಹಣ್ಣೇ. ಮೆಣಸಿನಕಾಯಿ, ತೆಂಗಿನಕಾಯಿ ಕಾಯಿಯ ಸಾಲಿಗೆ ಹೋದವು. ಉಳಿದದ್ದು ಅನ್ನ, ಬೇಳೆಕಟ್ಟು, ಕಾಯಿಸಿದ ಹಾಲು.

"ಉಪ್ಪಿನಕಾಯಿಯೂ ಕಾಯಿಯೇ. ಅದರೊಳಗಿನ ಉಪ್ಪನ್ನೂ ಬಿಟ್ಟುಬಿಡು," ಎಂದ ಗುರುಬಸಪ್ಪ.

"ನಗಬೇಡಿ. ನಾನು ಒಂದು ತೊಳೆ ಬಾಯಿಗಿಟ್ಟರೆ ಹೋಗೋದು ನಿಮ್ಮ ಉಸಿರು."

ಆತ ಕೊಟ್ಟಿಗೆಯಿಂದ ಎತ್ತು ತಂದ. ಗಾಡಿ ಕಟ್ಟಿದ.

ಪಿರಿಯಾಪಟ್ಟಣದ ದಾರಿಯಲ್ಲಿ ಹುಲ್ಲು ಹೊದಿಸಿದ ಮಠವೊಂದಿತ್ತು. ಅಲ್ಲಿ ಶ್ರೀ ಮರಿದೇವಸ್ವಾಮಿಗಳು ಒಬ್ಬರೇ ಇದ್ದರು. ಅಂದು ಇವರ ಗಾಡಿ ಬಂದು ನಿಂತಾಗ ಪೂಜ್ಯರು ಅಂಗಳ ಗುಡಿಸುತ್ತಿದ್ದರು. ಜಗಲಿಯ ಮೇಲೆ ಕೊಡಗಿನ ಗಾಡಿಯವರು ಇಳಿಸಿಹೋದ ಕಿತ್ತಳೆಯ ಬುಟ್ಟಿಯಿತ್ತು. ಅದರ ವಾಸನೆಗೆ ಚೆನ್ನಾಜಮ್ಮನ ಬಾಯಲ್ಲಿ ನೀರೂರಿತು. ಊರಿದ್ದಕ್ಕೇ ಬೆದರಿ ಗಂಡನ ಮುಖ ನೋಡಿದಳು.

ಪೂಜ್ಯರು ಎಲ್ಲವನ್ನೂ ಕೇಳಿಸಿಕೊಂಡರು. ಒಸಡು ನೋಡಿದರು.

"ಶಾಪವಲ್ಲ ತಾಯಿ. ಒಡಲು ಹುಳಿ ಕೇಳುತ್ತಿದೆ. ಕಿತ್ತಳೆಯ ರಸ ಒಸಡು ಬಿಗಿಸುತ್ತದೆ, ರಕ್ತ ನಿಲ್ಲಿಸುತ್ತದೆ."

"ಹಣ್ಣು ಬಿಟ್ಟಿದ್ದೀನಿ ಬುದ್ಧಿ."

"ಯಾವ ಹಣ್ಣು?"

"ಹೆಸರು ಹೇಳಲಿಲ್ಲ."

"ಈಗ ಹೇಳು. ಕಿತ್ತಳೆ ಬಿಟ್ಟು ಯಾವುದನ್ನಾದರೂ ಬಿಡು."

ಗುರುಬಸಪ್ಪ ಕೆಮ್ಮಿ ನಗು ನುಂಗಿಕೊಂಡ. ಚೆನ್ನಾಜಮ್ಮನಿಗೆ ನಗು ಬರಲಿಲ್ಲ. "ಹಲಸು," ಎಂದಳು. ತಡೆದು, "ಬದನೆ. ಹರಿವೆ," ಎಂದಳು.

ಪೂಜ್ಯರು ಹಣ್ಣು ಸುಲಿದು ತೊಳೆಯೊಂದನ್ನು ಆಕೆಯ ಅಂಗೈಯಲ್ಲಿಟ್ಟರು. ಆಕೆ ಅದನ್ನು ಬಾಯಿಗಿಡಲಿಲ್ಲ.

"ಇವರಿಗೇನಾದರೂ ಆದರೆ ಬುದ್ಧಿ?"

ಪೂಜ್ಯರು ಚೊಂಬಿನ ನೀರನ್ನು ಬೊಗಸೆಗೆ ತೆಗೆದುಕೊಂಡರು. "ಆಗುವುದಿದ್ದರೆ ನನಗಾಗಲಿ," ಎಂದು ಗಟ್ಟಿಯಾಗಿ ಹೇಳಿ ನೀರನ್ನು ನೆಲಕ್ಕೆ ಬಿಟ್ಟರು.

ಚೆನ್ನಾಜಮ್ಮ ತಿಂದಳು. ಒಸಡು ಉರಿದು ಕಣ್ಣಲ್ಲಿ ನೀರು ಬಂತು. ಆದರೆ ಹೆದರಿಕೆ ಇಳಿಯಲಿಲ್ಲ, ಹೆಚ್ಚಾಯಿತು. ಈಗ ಆಕೆ ಕಾಯಬೇಕಾದದ್ದು ಇಬ್ಬರ ಉಸಿರು. ಊರಿಗೆ ಹೋಗಲು ಒಪ್ಪದೆ ಗಂಡನೊಡನೆ ಮಠದಲ್ಲೇ ಉಳಿದಳು. ಗಂಡ ನಿದ್ದೆಯಲ್ಲಿ ಮಗ್ಗುಲು ಬದಲಿಸಿದರೆ ಎದ್ದು ಕೂರುವಳು. ಪೂಜ್ಯರು ಸೀನಿದರೆ ಓಡಿ ಬರುವಳು. ಪೂಜ್ಯರು ದಿನವೂ ಕಿತ್ತಳೆ ಸುಲಿದು ಕೊಟ್ಟರು.

ಮೊದಲು ರಕ್ತ ನಿಂತಿತು. ಆಮೇಲೆ ಕಾಲಿನ ಕಲೆಗಳು ಮಾಸಿದವು. ಒಂದು ಬೆಳಿಗ್ಗೆ ಚೆನ್ನಾಜಮ್ಮ ಯಾರ ಮುಖವನ್ನೂ ನೋಡದೆ ತಾನೇ ಬುಟ್ಟಿಗೆ ಕೈ ಹಾಕಿದಳು. ಹಣ್ಣು ಸುಲಿದು ಪೂರ್ತಿ ತಿಂದಳು.

ಗಂಡನಿಗೂ ಏನೂ ಆಗಲಿಲ್ಲ. ಪೂಜ್ಯರಿಗೂ ಏನೂ ಆಗಲಿಲ್ಲ.