ಪ್ರಧಾನಿ ಎತ್ತಿದ ಹಿಡಿ

ಹತ್ತಿರ ಬಂದು ಕೂತುಕೊಳ್ಳಿ, ಕಥೆ ದೊಡ್ಡದೇನಲ್ಲ. ಮೂರು ಗುಡ್ಡ ದಾಟಿದರೆ ಸಿಗುವ ಕೊಂಬಾಳ ಎಂಬ ರಾಜ್ಯದಲ್ಲಿ ಮಾರಭೂಪ ಎಂಬ ರಾಜನಿದ್ದ. ರಾಜ ಒಳ್ಳೆಯವನೇ. ಆದರೆ ಅವನ ರಾಜ್ಯದಲ್ಲಿ ಕರೆಂಟು ಇರಲಿಲ್ಲ. ಪಟ್ಟಣದ ಸಾಹುಕಾರರನ್ನು ಕೇಳಿದರೆ, ನಿಮ್ಮ ಕಲ್ಲುಗುಡ್ಡಕ್ಕೆ ತಂತಿ ಎಳೆದು ನಮಗೇನು ಲಾಭ ಎಂದು ನಕ್ಕು ಕಳಿಸಿದರು.

ಆಗ ಜನ ತಾವೇ ಸೇರಿದರು. ಮುನ್ನೂರ ಹನ್ನೆರಡು ಮನೆ, ಮನೆಗೊಂದು ಪಾಲು, ಎಲ್ಲ ಸೇರಿ ಒಂದು ಸಂಘ. ಗಂಡಸರು ಕಂಬ ಹೊತ್ತರು. ಹೆಂಗಸರು ಗುಂಡಿ ತೋಡಿದರು. ಮುದುಕರು ನೆರಳಲ್ಲಿ ಕೂತು ತಂತಿಯ ಸುರುಳಿ ಬಿಚ್ಚಿದರು. ಗುಡ್ಡದ ಮೇಲೆ ಹೊಳೆ ಧುಮುಕುವ ಕಡೆ ನೀರಿನ ಚಕ್ರ ಕೂರಿಸಿ, ಅದಕ್ಕೊಂದು ಮನೆ ಕಟ್ಟಿದರು. ಮೊದಲ ದೀಪ ಹೊತ್ತಿದ್ದು ಅರಮನೆಯಲ್ಲಿ ಅಲ್ಲ, ಎಲ್ಲರಿಗಿಂತ ದೂರ ಇದ್ದ ಸೂಲಗಿತ್ತಿಯ ಮನೆಯಲ್ಲಿ. ಅರಮನೆಯದು ಮುನ್ನೂರ ಹನ್ನೆರಡನೆಯ ದೀಪ.

ಸಂಘಕ್ಕೆ ಮೂರೇ ಕಟ್ಟಳೆ. ಮನೆ ದೊಡ್ಡದಿರಲಿ ಚಿಕ್ಕದಿರಲಿ, ಸಭೆಯಲ್ಲಿ ಎತ್ತುವುದು ಒಂದೇ ಕೈ. ಇದು ಮೊದಲನೆಯದು. ಪ್ರತಿ ಮನೆಯವರೂ ಸರದಿ ಬಂದಾಗ ಒಂದು ದಿನ ಚಕ್ರದ ಮನೆಯಲ್ಲಿ ನಿಂತು ದುಡಿಯಬೇಕು. ಇದು ಎರಡನೆಯದು. ಮೂರನೆಯದು ಜೀವದ ಕಟ್ಟಳೆ. ಕಂಬ ಹತ್ತುವವರು ಮೊದಲು ಚಕ್ರದ ಮನೆಗೆ ಬಂದು ಕರೆಂಟಿನ ಹಿಡಿ ಇಳಿಸಿ ತಂತಿಗೆ ಕರೆಂಟು ನಿಲ್ಲಿಸಬೇಕು, ಅದಕ್ಕೆ ಕೈಯಾರೆ ಒಂದು ಕೆಂಪು ಬಟ್ಟೆ ಕಟ್ಟಬೇಕು. ಕಟ್ಟಿದವರೇ ಬಂದು ಬಿಚ್ಚುವ ತನಕ ಆ ಹಿಡಿಯನ್ನು ಯಾರೂ ಮುಟ್ಟುವಂತಿಲ್ಲ. ರಾಜನೂ ಮುಟ್ಟುವಂತಿಲ್ಲ.

ಚಕ್ರದ ಮನೆಯ ಉಸ್ತುವಾರಿ ತಿಪ್ಪವ್ವನದು. ಕಂಬ ಹತ್ತುವ ಕೆಲಸ ಅವಳ ಸೊಸೆ ನೀಲವ್ವನದು. ಇಬ್ಬರ ಕೆಲಸ ಎಷ್ಟು ಚೊಕ್ಕವೋ ಜಗಳವೂ ಅಷ್ಟೇ ಚೊಕ್ಕ. ಆ ದಿನ ಬೆಳಿಗ್ಗೆ ನೀಲವ್ವ ಉಪ್ಪಿನಕಾಯಿ ಜಾಡಿ ಕೈಜಾರಿಸಿ ಒಡೆದಿದ್ದಳು. ಕಂಬದ ತುದಿಯಲ್ಲಿ ಪಿಂಗಾಣಿ ಕೂರಿಸುವ ಕೈಗೆ ಮನೆಯೊಳಗಿನ ಪಿಂಗಾಣಿ ನಿಲ್ಲುವುದಿಲ್ಲ ನೋಡಿ ಎಂದು ತಿಪ್ಪವ್ವ ಬಾವಿಕಟ್ಟೆಯಲ್ಲಿ ಎಲ್ಲರ ಮುಂದೆ ಹೇಳಿದಳು. ಜಾಡಿಯಲ್ಲಿ ಉಪ್ಪಿನಕಾಯಿಗಿಂತ ಉಪ್ಪೇ ಹೆಚ್ಚಿತ್ತು, ಹೋಗಿದ್ದೇ ಒಳ್ಳೆಯದಾಯಿತು ಅತ್ತೆ ಎಂದು ನೀಲವ್ವ ತಿರುಗಿಸಿ ಕೊಟ್ಟಳು. ಕೇಳಿದವರೆಲ್ಲ ನಕ್ಕರು. ಕೇಳಿದವರಲ್ಲಿ ಪ್ರಧಾನಿ ಸಿಂಗಣಯ್ಯನ ಆಳೂ ಒಬ್ಬನಿದ್ದ.

ಈ ಸಿಂಗಣಯ್ಯ ಗುಡ್ಡದ ಕೆಳಗಿನ ಕೆಂಚನಹಾಳ ಎಂಬ ಕೇರಿಯ ಆಚೆ ಹೊಸದಾಗಿ ಹಿಟ್ಟಿನ ಗಿರಣಿ ಕಟ್ಟಿಸಿದ್ದ. ಮಧ್ಯಾಹ್ನ ರಾಜರು ಬರುತ್ತಾರೆ, ಅವರು ಕೈ ಬೀಸಿದ ಕ್ಷಣ ಗಿರಣಿ ತಿರುಗದಿದ್ದರೆ ನನ್ನ ಹೆಸರು ಸಿಂಗಣಯ್ಯನೇ ಅಲ್ಲ ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದ. ಆದರೆ ಹಿಂದಿನ ದಿನದ ಗಾಳಿಗೆ ಕೆಂಚನಹಾಳದ ಕಂಬದಲ್ಲಿ ತಂತಿ ಕಂಬಕ್ಕೆ ತಾಗದಂತೆ ಹಿಡಿಯುವ ಪಿಂಗಾಣಿ ಒಡೆದಿತ್ತು. ಅಲ್ಲಿಂದ ಕಿಡಿ ಉದುರುತ್ತಿತ್ತು, ಪಕ್ಕದಲ್ಲೇ ಹುಲ್ಲಿನ ಬಣವೆ, ಬಣವೆಗೆ ಒತ್ತಿಕೊಂಡು ಏಳು ಗುಡಿಸಲು. ಗಿರಣಿಗೆ ಹೋಗುವುದೂ ಅದೇ ತಂತಿ. ನೀಲವ್ವ ಕಾಯಲಿಲ್ಲ. ಹಿಡಿ ಇಳಿಸಿದಳು, ಕೆಂಪು ಬಟ್ಟೆ ಕಟ್ಟಿದಳು, ಹೋಗಿ ಕಂಬ ಹತ್ತಿದಳು.

ಮೊದಲು ಸಿಂಗಣಯ್ಯನ ಆಳು ಬಂದ. ಒಂದು ಗಳಿಗೆ ಕರೆಂಟು ಬಿಡಬೇಕಂತೆ ಎಂದ. ಬಟ್ಟೆ ಕಟ್ಟಿದೆ ಎಂದಳು ತಿಪ್ಪವ್ವ. ಅವನು ಹೋದ.

ಆಮೇಲೆ ಸಿಂಗಣಯ್ಯನ ಪಾರುಪತ್ಯಗಾರ ಬಂದ. ರೇಷ್ಮೆ ವಸ್ತ್ರದಲ್ಲಿ ಸುತ್ತಿದ ಎರಡು ಚಿನ್ನದ ಬಳೆ ತಂದಿದ್ದ. ಅರ್ಧ ಗಳಿಗೆ ಸಾಕಂತೆ ಎಂದ. ಬಳೆ ನನ್ನ ಕೈಗೆ ಹಿಡಿಸುವುದಿಲ್ಲ, ಬಟ್ಟೆ ಇನ್ನೂ ಹಾಗೇ ಇದೆ ಎಂದಳು ತಿಪ್ಪವ್ವ. ಅವನೂ ಹೋದ.

ಮೂರನೆಯ ಸಲ ಸಿಂಗಣಯ್ಯ ತಾನೇ ಬಂದ. ಜೊತೆಗೆ ನಾಲ್ಕು ಜನ ಭಟರು. ರಾಜನ ಪಲ್ಲಕ್ಕಿ ಚಕ್ರದ ಮನೆಗೆಂದು ಇನ್ನೂ ಕೆಳಗಿನ ತಿರುವಿನಲ್ಲಿ ಏರಿ ಬರುತ್ತಿತ್ತು. ಚಕ್ರದ ಮನೆಯಿಂದ ರಾಜ ಕೈ ಬೀಸಿದರೆ ಕೆಳಗೆ ಗಿರಣಿ ತಿರುಗಬೇಕು, ಅದು ಪ್ರಧಾನಿಯ ಲೆಕ್ಕಾಚಾರ. ಅವನು ಒಳಗೆ ಬಂದವನೇ ಕಿಟಕಿಯ ಕದ ಎಳೆದು ಮುಚ್ಚಿದ. ಆ ಕಿಟಕಿಯಿಂದ ಕೆಂಚನಹಾಳದ ಕಂಬ ಕಾಣುತ್ತಿತ್ತು.

ಹಿಡಿ ಎತ್ತು ಎಂದ. ನನ್ನ ಸೊಸೆ ಕಂಬದ ಮೇಲಿದ್ದಾಳೆ ಬುದ್ಧಿ ಎಂದಳು ತಿಪ್ಪವ್ವ. ಅವನು ಹತ್ತಿರ ಬಂದು ದನಿ ತಗ್ಗಿಸಿದ.

"ಗೊತ್ತು ತಿಪ್ಪವ್ವ. ಮಗಳಲ್ಲವಲ್ಲ, ಸೊಸೆ ತಾನೇ? ಬೆಳಿಗ್ಗೆ ನೀವಿಬ್ಬರೂ ಆಡಿದ್ದು ಊರಿಗೇ ಕೇಳಿದೆ. ನಿನ್ನ ಮಗನಿಗೆ ಇನ್ನೊಂದು ಒಳ್ಳೆ ಕಡೆಯಿಂದ ಹೆಣ್ಣು ತರೋಣ."

ಅತ್ತೆ ಸೊಸೆ ಜಗಳ ಆಡಿದ್ದನ್ನು ಕೇಳಿ ಒಬ್ಬ ಮನುಷ್ಯ ಹೀಗೂ ಲೆಕ್ಕ ಹಾಕಬಹುದೆಂದು ಅರವತ್ತು ವರ್ಷದಲ್ಲಿ ತಿಪ್ಪವ್ವನಿಗೆ ಹೊಳೆದಿರಲಿಲ್ಲ. ಜಾಡಿಯ ವಿಷಯಕ್ಕೆ ಆಡಿದ ಮಾತು ಈಗ ನೀಲವ್ವನ ಕುತ್ತಿಗೆಗೆ ಬಂದು ನಿಂತಿತ್ತು. ತಾನು ಹಿಡಿ ಎತ್ತದಿದ್ದರೆ ಭಟರು ತನ್ನನ್ನು ಹಿಡಿದುಕೊಳ್ಳುತ್ತಾರೆ, ಇವನೇ ಎತ್ತುತ್ತಾನೆ. ಕಂಬದ ಹತ್ತಿರ ಓಡಿ ಹೋಗಿ ಕೂಗಲು ಹೊತ್ತಿಲ್ಲ.

ಆದರೂ ಅವಳು ಧೃತಿಗೆಡಲಿಲ್ಲ. ಪ್ರಭುಗಳು ಬರುತ್ತಿದ್ದಾರೆ, ಯಂತ್ರಕ್ಕೆ ಎಣ್ಣೆ ಬಿಟ್ಟು ಬರುತ್ತೇನೆ ಎಂದಳು. ಹಿಂದಿನ ಬಾಗಿಲಿಂದ ಹೊರಗೆ ಹೋದಳು. ಕಾಲುವೆಯ ತೂಬಿನ ಹಲಗೆಯನ್ನು ಎರಡೂ ಕೈಯಿಂದ ಅದುಮಿ ಇಳಿಸಿದಳು. ಚಕ್ರಕ್ಕೆ ಬೀಳುವ ನೀರು ನಿಂತಿತು. ಚಕ್ರ ನಾಲ್ಕು ಸುತ್ತು ತಿರುಗಿ ಸುಮ್ಮನಾಯಿತು. ಚಕ್ರ ನಿಂತ ಮೇಲೆ ಹಿಡಿ ಎತ್ತಿದರೇನು, ಇಳಿಸಿದರೇನು, ತಂತಿಯಲ್ಲಿ ಹರಿಯಲು ಕರೆಂಟೇ ಇರುವುದಿಲ್ಲ. ಪಕ್ಕದಲ್ಲೇ ಹೊಳೆ ಭೋರೆಂದು ಧುಮುಕುತ್ತಿದ್ದುದರಿಂದ ಚಕ್ರದ ಸದ್ದು ನಿಂತದ್ದು ಅಲ್ಲಿ ಒಂದು ದಿನವಾದರೂ ದುಡಿದವರಿಗೆ ಮಾತ್ರ ತಿಳಿಯುತ್ತಿತ್ತು. ಸಿಂಗಣಯ್ಯ ಒಂದು ದಿನವೂ ದುಡಿದಿರಲಿಲ್ಲ. ಅವನ ಮನೆಯ ಸರದಿಗೆ ಯಾವಾಗಲೂ ಆಳು ಬರುತ್ತಿದ್ದ.

ರಾಜ ಪಲ್ಲಕ್ಕಿ ಇಳಿದು ಒಳಗೆ ಬಂದ. ಬಾಗಿಲಲ್ಲೇ ತಲೆ ಓರೆ ಮಾಡಿ ಕಿವಿಗೊಟ್ಟ. ಹೋದ ತಿಂಗಳು ಅರಮನೆಯ ಸರದಿ ಬಂದಾಗ ತಾನೇ ಬಂದು ದಿನವಿಡೀ ಎಣ್ಣೆ ಹಚ್ಚಿದ ರಾಜ ಅವನು. ಚಕ್ರ ನಿಂತಿದೆಯೆಂದು ಅವನಿಗೆ ತಿಳಿಯಿತು. ಬಾಯಿ ತೆರೆಯುವಷ್ಟರಲ್ಲಿ ತಿಪ್ಪವ್ವ ಅವನನ್ನೇ ನೋಡಿದಳು. ಆ ನೋಟಕ್ಕೆ ರಾಜ ಸುಮ್ಮನಾದ.

ತಿಪ್ಪವ್ವ ಪ್ರಧಾನಿಯ ಕಡೆ ತಿರುಗಿದಳು.

"ಬುದ್ಧಿ, ನೀಲವ್ವ ಕಂಬದಿಂದ ಇಳಿದಳೇ?"

"ಇಳಿದಳು."

"ನೀವು ಕಣ್ಣಾರೆ ಕಂಡಿರಾ?"

"ಕಣ್ಣಾರೆ ಕಂಡೆ. ಅವಳೇ ಹೇಳಿ ಕಳಿಸಿದಳು."

"ಹಾಗಾದರೆ ಅವಳು ಕಟ್ಟಿದ ಬಟ್ಟೆ ನೀವೇ ಬಿಚ್ಚಿ, ಹಿಡಿ ನೀವೇ ಎತ್ತುತ್ತೀರಾ? ನನ್ನ ಕೈಯೆಲ್ಲ ಎಣ್ಣೆ."

ಅವನು ಒಂದು ಕ್ಷಣವಾದರೂ ಹಿಂದೆಗೆಯುತ್ತಾನೆ ಎಂದು ಅವಳು ಅಂದುಕೊಂಡಿದ್ದಳು. ಮನುಷ್ಯನಲ್ಲವೇ, ಹಿಂದೆಗೆಯಲಿ ಎಂದು ಒಳಗೊಳಗೇ ಬೇಡಿಕೊಂಡಿದ್ದಳು. ಅವನು ಹಿಂದೆಗೆಯಲಿಲ್ಲ. ಬಟ್ಟೆ ಬಿಚ್ಚಿ ನೆಲಕ್ಕೆ ಹಾಕಿದ. ಹಿಡಿಯನ್ನು ಪೂರ್ತಿ ಎತ್ತಿದ. ಎತ್ತಿ, ರಾಜನ ಕಡೆ ತಿರುಗಿ, ಇನ್ನು ತಾವು ಕೈ ಬೀಸಬಹುದು ಮಹಾಪ್ರಭು ಎಂದು ನಕ್ಕ.

ತಿಪ್ಪವ್ವ ಹೋಗಿ ಕಿಟಕಿಯ ಕದ ತೆರೆದಳು.

ಕೆಂಚನಹಾಳದ ಕಂಬದ ತುದಿಯಲ್ಲಿ ಕಚ್ಚೆ ಕಟ್ಟಿದ ಹೆಂಗಸೊಬ್ಬಳು ತಂತಿಯ ಮೇಲೆ ಒಂದು ಕೈಯಿಟ್ಟು, ಇನ್ನೊಂದು ಕೈಯಿಂದ ಹೊಸ ಪಿಂಗಾಣಿ ಕೂರಿಸುತ್ತಿದ್ದಳು.

ರಾಜ ಕಿಟಕಿಯ ಚೌಕಟ್ಟು ಹಿಡಿದುಕೊಂಡ. ಅವನು ಆ ಹೆಂಗಸನ್ನು ನೋಡಿದ, ಎತ್ತಿದ ಹಿಡಿಯನ್ನು ನೋಡಿದ, ಹತ್ತು ವರ್ಷ ತನ್ನ ಪಕ್ಕದಲ್ಲಿ ಕೂತ ಮನುಷ್ಯನನ್ನು ನೋಡಿದ. ಚಕ್ರ ತಿರುಗುತ್ತಿದ್ದಿದ್ದರೆ ಎಂದಷ್ಟೇ ಹೇಳಿದ.

ಪ್ರಧಾನಿಯ ಪಟ್ಟವನ್ನು ರಾಜ ಅಲ್ಲೇ ಕಿತ್ತುಕೊಂಡ. ಉಳಿದದ್ದು ಸಂಘದ ಸಭೆಗೆ ಬಂತು. ನಡೆದದ್ದನ್ನು ತಿಪ್ಪವ್ವ ಒಂದಕ್ಷರ ಬಿಡದೆ ಹೇಳಿದಳು. ಸೊಸೆ ತಾನೇ ಎಂಬ ಮಾತು ಬಂದಾಗ ಮುನ್ನೂರ ಹನ್ನೆರಡು ಮನೆಯ ಜನ ನೀಲವ್ವನ ಕಡೆ ತಿರುಗಿದರು. ನೀಲವ್ವ ಅತ್ತೆಯ ಪಕ್ಕಕ್ಕೆ ಸರಿದು ಕೂತಳು. ಗಡಿಪಾರು ಮಾಡೋಣ ಎಂದ ರಾಜ. ತಾವು ಎತ್ತಬಹುದಾದದ್ದು ಒಂದೇ ಕೈ ಎಂದು ಹಿರಿಯರು ನೆನಪಿಸಿದರು. ಅವನ ಮನೆಯ ತಂತಿ ಕತ್ತರಿಸೋಣ ಎಂದರು ಕೆಲವರು. ಬೇಡ ಎಂದಳು ನೀಲವ್ವ. ಆ ಮನೆಯಲ್ಲಿ ಮಕ್ಕಳಿದ್ದಾರೆ, ಎಲ್ಲರಿಗೂ ದೀಪ ಕೊಡಲೆಂದೇ ಸಂಘ ಕಟ್ಟಿದ್ದು, ಕಸಿಯಲಿಕ್ಕಲ್ಲ.

"ನನ್ನ ಜೊತೆ ಕಳಿಸಿ. ಕಂಬ ಹತ್ತೋದು ಕಲಿಸ್ತೀನಿ. ಮೇಲಿಂದ ಊರು ಹೇಗೆ ಕಾಣುತ್ತೆ ನೋಡಲಿ."

ಮನೆಗೊಂದು ಕೈ ಎದ್ದಿತು. ರಾಜನ ಕೈಯೂ ಎದ್ದಿತು. ಎಲ್ಲಕ್ಕಿಂತ ಕೊನೆಗೆ, ತಲೆ ತಗ್ಗಿಸಿಕೊಂಡು, ಸಿಂಗಣಯ್ಯನ ಹೆಂಡತಿ ತನ್ನ ಮನೆಯ ಕೈ ಎತ್ತಿದಳು.

ಮೂರು ತಿಂಗಳಾದ ಮೇಲೆ ಸಿಂಗಣಯ್ಯ ಒಬ್ಬನೇ ಕಂಬ ಹತ್ತುವ ದಿನ ಬಂತು. ಚಕ್ರದ ಮನೆಗೆ ಬಂದು ಹಿಡಿ ಇಳಿಸಿ ಕೆಂಪು ಬಟ್ಟೆ ಕಟ್ಟಿದ. ಬಾಗಿಲ ತನಕ ಹೋದವನು ತಿರುಗಿ ಬಂದು, ನಾನು ಬರುವ ತನಕ ಇಲ್ಲೇ ಇರುತ್ತೀಯಾ ತಿಪ್ಪವ್ವ ಎಂದು ಕೇಳಿದ. ಇರ್ತೀನಿ ಎಂದಳು. ಅಂಗಳಕ್ಕೆ ಇಳಿದವನು ಮತ್ತೆ ಬಂದು ಅದನ್ನೇ ಕೇಳಿದ. ಇರ್ತೀನಿ ಎಂದಳು. ಗುಡ್ಡದ ತಿರುವಿನಿಂದ ಮೂರನೆಯ ಸಲ ಬಂದ. ಹಣೆಯಲ್ಲಿ ಬೆವರು. ಈ ಸಲ ತಾನು ಕಟ್ಟಿದ ಬಟ್ಟೆಯ ಗಂಟನ್ನು ಇನ್ನೊಮ್ಮೆ ಎಳೆದು ಬಿಗಿ ಮಾಡಿದ.

"ನೋಡಪ್ಪಾ," ಎಂದಳು ತಿಪ್ಪವ್ವ, "ನೀನು ನನ್ನ ಮಗನೂ ಅಲ್ಲ, ಅಳಿಯನೂ ಅಲ್ಲ. ಕಂಬದ ಮೇಲೆ ಇರ್ತೀಯಲ್ಲ, ನನಗೆ ಅಷ್ಟು ಸಾಕು. ಹೋಗಿ ಬಾ."

ಅವನು ಹೋದ. ಅವಳು ಹಿಡಿಯ ಮುಂದೆ ಕೂತಳು.

ಕೇಳಿದಿರಲ್ಲ, ಇದರ ನೀತಿ ಇಷ್ಟು. ಎಲ್ಲರೂ ಸೇರಿ ಕಟ್ಟಿದ್ದರಲ್ಲಿ ತನ್ನ ಪಾಲಿನ ದುಡಿಮೆ ತಪ್ಪಿಸಿಕೊಂಡವನು ಅದೇ ಜಾಗದಲ್ಲಿ ಸಿಕ್ಕಿಬೀಳುತ್ತಾನೆ. ಒಬ್ಬರ ಜೀವ ನಮ್ಮ ಕೈಯಲ್ಲಿದ್ದಾಗ ಅವರು ನಮಗೆ ಏನಾಗಬೇಕು ಎಂದು ಕೇಳಬಾರದು.