ಹಬೆ ಕವಿದ ಕ್ಯಾಮೆರಾದ ಮರ್ಯಾದೆ

ರೋಬೋಟಿನ ತೋಳುಗಳು ಒಂದು ಕತ್ತರಿಯನ್ನೂ ಒಂದು ಕ್ಯಾಮೆರಾವನ್ನೂ ಸಣ್ಣ ತೂತುಗಳಿಂದ ರೋಗಿಯ ಹೊಟ್ಟೆಯೊಳಗೆ ಇಳಿಸಿದ್ದವು. ಕತ್ತರಿಯ ತುದಿ ಎಲ್ಲಿದೆಯೆಂದು ಕ್ಯಾಮೆರಾ ಪರದೆಯ ಮೇಲೆ ಹಸಿರು ಚುಕ್ಕೆಯಿಟ್ಟು ತೋರಿಸಬೇಕು, ಅದನ್ನು ನಂಬಿ ಡಾಕ್ಟರು ಕತ್ತರಿ ಆಡಿಸಬೇಕು. ನಡುವೆ ಕ್ಯಾಮೆರಾದ ಗಾಜಿಗೆ ಹಬೆ ಕವಿಯಿತು. ಚುಕ್ಕೆ ಮಾತ್ರ ಧೈರ್ಯವಾಗಿ ಇನ್ನೆಲ್ಲೋ ನಿಂತಿತ್ತು.

ಕತ್ತರಿಗೆ ಮೈಯೆಲ್ಲ ಉರಿದುಹೋಯಿತು. “ನಾನಿರುವುದು ಇಲ್ಲಿ. ಅಲ್ಲಿ ಯಾರನ್ನು ತೋರಿಸುತ್ತಿದ್ದೀಯ?”

“ಅಂದಾಜಿನ ಮೇಲೆ ಇಟ್ಟೆ,” ಎಂದಿತು ಕ್ಯಾಮೆರಾ. “ಕಾಣುತ್ತಿಲ್ಲ ಎಂದರೆ ಹೊರಗೆಳೆದು ಎಲ್ಲರೆದುರು ಒರೆಸುತ್ತಾರೆ. ನನ್ನ ಮರ್ಯಾದೆ ಏನಾಗಬೇಕು?”

ಕತ್ತರಿ ತೆರೆದ ಬಾಯನ್ನು ಮುಚ್ಚಲೇ ಇಲ್ಲ. ಡಾಕ್ಟರು ಎಷ್ಟು ಒತ್ತಿದರೂ ಜಗ್ಗಲಿಲ್ಲ. ಅನುಮಾನ ಬಂದು ಅವರು ಕ್ಯಾಮೆರಾ ತೆಗೆಸಿ, ಒರೆಸಿ, ಮತ್ತೆ ಇಳಿಸಿದರು. ಕತ್ತರಿಯ ಬಾಯೊಳಗೆ ದಪ್ಪ ರಕ್ತನಾಳವೊಂದು ಮಿಡಿಯುತ್ತಿತ್ತು.

“ಕಣ್ಣು ಬಿಟ್ಟು ನೋಡು,” ಎಂದಿತು ಕತ್ತರಿ. “ನಿನ್ನ ಮರ್ಯಾದೆ ಉಳಿಸಲು ನಾನು ಕತ್ತರಿಸಬೇಕಿದ್ದದ್ದು ಇದನ್ನು.”