ಪ್ರಸಾದಕ್ಕೆ ಮೂವತ್ತೊಂದು

ನದಿ ದಂಡೆಯ ಮೇಲೆ ಒಂದು ಆಶ್ರಮ. ಮೂರು ಕೋಣೆ, ಒಂದು ಗದ್ದುಗೆ, ಮತ್ತು ಇವೆಲ್ಲಕ್ಕಿಂತ ದೊಡ್ಡದಾದ ಒಂದು ದ್ರಾಕ್ಷಿ ಚಪ್ಪರ.

ಬಳ್ಳಿ ನೆಟ್ಟವರು ದೊಡ್ಡಜ್ಜ. ಈಗ ಅವರು ಇಲ್ಲ, ಗದ್ದುಗೆ ಅವರದೇ. ಅವರ ಶಿಷ್ಯ ಮುರಗೆಪ್ಪಜ್ಜ ಈಗಿನ ಗುರು.

ಪ್ರತಿವರ್ಷ ಆ ಬಳ್ಳಿಯ ಹಣ್ಣು ಕಿವುಚಿ, ಭರಣಿಯಲ್ಲಿ ಹುದುಗಲು ಬಿಟ್ಟು, ಆಸವ ಮಾಡುತ್ತಿದ್ದರು. ಪೇಟೆಯವರು ವೈನ್ ಅನ್ನುತ್ತಾರಲ್ಲ, ಅದೇ. ದೊಡ್ಡಜ್ಜನ ಪುಣ್ಯತಿಥಿಯ ದಿನ ಅದು ಗದ್ದುಗೆಗೆ ನೈವೇದ್ಯ. ಆಮೇಲೆ ಬಂದವರ ಅಂಗೈಗೆಲ್ಲ ಒಂದೊಂದು ಚಮಚ ಪ್ರಸಾದ.

ಎಲ್ಲರೂ ಕಣ್ಣು ಮುಚ್ಚಿ ನುಂಗಿ, "ಅಮೃತ" ಅನ್ನುತ್ತಿದ್ದರು. ಕಣ್ಣು ಯಾಕೆ ಮುಚ್ಚುತ್ತೀರಿ ಎಂದು ಯಾರೂ ಯಾರನ್ನೂ ಕೇಳಿರಲಿಲ್ಲ.

ಆಸವ ಮಾಡುವ ಸೇವೆ ಹಿರಿಯ ಶಿಷ್ಯ ನಿರ್ವಾಣಯ್ಯನದು. ಇಪ್ಪತ್ತೆರಡು ವರ್ಷದಿಂದ ಮಡಿಯಲ್ಲಿ, ಮೌನದಲ್ಲಿ, ಒಂದು ಹಣ್ಣನ್ನೂ ಬಾಯಿಗೆ ಹಾಕಿಕೊಳ್ಳದೆ ಮಾಡುತ್ತಿದ್ದ.

ಆ ಆಶ್ರಮಕ್ಕೆ ಕಸ್ತೂರಿ ಎಂಬ ಹೆಣ್ಣುಮಗಳು ಬಂದಳು. ಬಟ್ಟೆ ಹೊಲಿಯುವವಳು. ಹೊಲಿಗೆ ಮಷಿನ್ನನ್ನು ಟಂಟಂ ಆಟೋದಲ್ಲಿ ಹೇರಿಕೊಂಡೇ ಬಂದಿದ್ದಳು.

"ಅಜ್ಜಾರ, ಮೊದಲ ಹೇಳತೀನ್ರಿ. ನನಗೊಂದು ಚಟ ಐತಿ" ಎಂದಳು.

"ಏನದು?"

"ವೈನ್ ರುಚಿ ನೋಡಿ ಅಂಕ ಹಾಕತೀನ್ರಿ. ನೂರಕ್ಕ ಇಷ್ಟು ಅಂತ."

"ಕುಡೀತಿ?"

"ಇಲ್ರಿ. ಬಣ್ಣ ನೋಡತೀನಿ, ಮೂಸತೀನಿ, ಬಾಯಾಗ ಆಡಸತೀನಿ, ಉಗುಳತೀನಿ."

"ಕುಡಿಯಾಕ ಕೊಳ್ಳಾವ್ರನ್ನ ಕಂಡೀನಿ. ಉಗುಳಾಕ ಕೊಳ್ಳಾಕಿನ್ನ ಇವತ್ತ ಕಂಡೆ" ಎಂದು ಗುರು ನಕ್ಕರು. "ಇರು."

ಇದ್ದಳು. ದಾರ ತರಲು ಪೇಟೆಗೆ ಹೋದಾಗಲೆಲ್ಲ ಒಂದು ಬಾಟಲಿ ಚೀಲದಲ್ಲಿ ಬರುತ್ತಿತ್ತು. ಬೆಳಗ್ಗೆ ಎಲೆ ಅಡಿಕೆ ಮುಟ್ಟದೆ, ಒಂದು ಮುಷ್ಟಿ ಚುರಮುರಿ ತಿಂದು ಬಾಯಿ ತೊಳೆದು, ಗಾಜಿನ ಲೋಟವನ್ನು ಬಿಳಿ ಪಾಪ್ಲಿನ್ ಬಟ್ಟೆಯ ಮುಂದೆ ಹಿಡಿದು ಬಣ್ಣ ನೋಡುತ್ತಿದ್ದಳು. ಆಮೇಲೆ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಳು.

"ಮೂಸಿದರೆ ನೇರಳೆ. ಬಾಯಲ್ಲಿ ಹಸಿ ಹುಣಸೆ. ಗಂಟಲಲ್ಲಿ ಏನೂ ಇಲ್ಲ, ಬರುತ್ತೇನೆಂದು ಬಾರದ ನೆಂಟನ ಹಾಗೆ. ಐವತ್ತೆಂಟು."

"ಬಾಟಲಿ ಚಂದ. ಒಳಗಿರುವುದು ಬೆಲ್ಲದ ನೀರು. ನಲವತ್ತು."

"ಎಂಬತ್ತಾರು. ಯಾಕೆಂದು ಬರೆಯಲು ಬರುತ್ತಿಲ್ಲ. ಇನ್ನೊಮ್ಮೆ ಮೂಸಿದೆ. ಎಂಬತ್ತೇಳು."

ಯಾರೂ ಕಲಿಸಿದ ವಿದ್ಯೆಯಲ್ಲ ಅದು. ದ್ರಾಕ್ಷಿ ತೋಟದ ಸಾಹುಕಾರರೊಬ್ಬರು ಒಮ್ಮೆ, "ಜಂಪರ್ ಹೊಲಿಯಾಕಿಗೆ ಇದೇನ ತಿಳೀತೈತಿ?" ಎಂದು ಕೇಳಿದ್ದರಂತೆ. "ನಾಲಿಗಿ ಎಲ್ಲಾರಿಗೂ ಐತ್ರಿ. ನಾ ಬಳಸತೀನಿ, ಅಷ್ಟ" ಎಂದು ಎದ್ದು ಬಂದಿದ್ದಳಂತೆ.

ಇಂಥವಳು ಕೂಡ ಮೊದಲ ಎರಡು ವರ್ಷ ಆಶ್ರಮದ ಪ್ರಸಾದವನ್ನು ಕಣ್ಣು ಮುಚ್ಚಿ ನುಂಗಿ ಅಮೃತ ಅಂದಿದ್ದಳು. ಎರಡು ಸಲವೂ ನೋಟ್‌ಬುಕ್ಕಿನಲ್ಲಿ ಏನೂ ಬರೆದಿರಲಿಲ್ಲ. ಅದು ಅವಳಿಗೆ ಕಾಲಲ್ಲಿ ಮುರಿದ ಮುಳ್ಳಿನ ಹಾಗೆ ಚುಚ್ಚುತ್ತಿತ್ತು.

ಮೂರನೆಯ ವರ್ಷ ಬರೆದಳು.

ಶಾಯಿ ಆರಲೆಂದು ನೋಟ್‌ಬುಕ್ಕನ್ನು ಮಷಿನ್ನಿನ ಮೇಲೆ ತೆರೆದಿಟ್ಟು ನೀರಿಗೆ ಹೋಗಿದ್ದಳು. ಹರಿದ ಧೋತರ ಹೊಲಿಸಲು ಬಂದ ನಿರ್ವಾಣಯ್ಯ ಅದನ್ನು ಓದಿದ. ಧೋತರ ಅಲ್ಲಿಯೇ ಬಿಟ್ಟು, ನೋಟ್‌ಬುಕ್ ಹಿಡಿದು ಗುರುವಿನ ಬಳಿಗೆ ಓಡಿದ.

"ಅಜ್ಜಾರ, ಪ್ರಸಾದಕ್ಕ ಅಂಕ ಹಾಕ್ಯಾಳ್ರಿ."

"ಎಷ್ಟು?"

"ಮೂವತ್ತೊಂದು."

"ನೂರಕ್ಕೋ, ಐವತ್ತಕ್ಕೋ?"

"ನೂರಕ್ಕ್ರಿ."

"ಪಾಸಾಗಲಿಲ್ಲ ಹಂಗಾರ" ಎಂದರು ಗುರು.

ನಿರ್ವಾಣಯ್ಯನಿಗೆ ನಗು ಬರಲಿಲ್ಲ. "ಈಕಿ ಇರಬೇಕು, ಇಲ್ಲಾ ನಾ ಇರಬೇಕು" ಎಂದ.

ಗುರು ಕಸ್ತೂರಿಯನ್ನು ಚಪ್ಪರದ ಕೆಳಗೆ ಕರೆಸಿದರು.

"ಯಾಕವಾ, ಮೂವತ್ತೊಂದು?"

"ಮೂವತ್ತ ಹಾಕಬೇಕಂತಿದ್ದೆ ಅಜ್ಜಾರ. ಹಣ್ಣು ಚಲೋ ಅದಾವು, ಅದಕ್ಕ ಒಂದು."

"ಉಳಿದ ಅರವತ್ತೊಂಬತ್ತು ಎಲ್ಲಿ ಹೋತು?"

"ಗಾಳ್ಯಾಗ ಹೋತ್ರಿ. ಹುದುಗು ಮುಗಿದ ಮ್ಯಾಲೂ ಭರಣಿ ಬಾಯಿಗೆ ಬರೇ ತೆಳ್ಳನ ಅರಿವಿ ಕಟ್ಟತಾರ. ಗಾಳಿ ಒಳಗ ಹೊಕ್ಕು ಆಸವ ಹುಳಿಯಾಗೈತಿ. ಅದು ವೈನಲ್ಲರಿ, ಸಿರ್ಕಾ, ಉಪ್ಪಿನಕಾಯಿಗೆ ಹಾಕೂ ಹುಳಿನೀರು."

ನಿರ್ವಾಣಯ್ಯ ಕಿವಿ ಮುಚ್ಚಿಕೊಂಡ.

"ಮೂವತ್ತೊಂದು ಹೊಡದು ನೂರು ಬರಿ" ಎಂದರು ಗುರು.

"ನೂರು ಆಗೂದಿಲ್ರಿ."

"ಐವತ್ತು ಬರಿ."

"ಇದೇನು ಸಂತಿ ಅಲ್ರಿ ಅಜ್ಜಾರ, ಚೌಕಾಸಿ ಮಾಡಾಕ."

"ಗುರುವಿನ ಮಾತು ಮೀರತಿ?"

"ನೀವು ಹೊಳ್ಯಾಗ ಹಾರು ಅಂದ್ರ ಹಾರತೀನಿ. ಆದ್ರ ನಾಲಿಗಿ ನಿಮ್ಮ ಮಾತು ಕೇಳೂದಿಲ್ಲ, ನನ್ನ ಮಾತೂ ಕೇಳೂದಿಲ್ಲ. ಹುಳಿ ಇದ್ದದ್ದು ಹುಳಿ. ಬೇಕಾರ ಹಾಳಿ ಹರೀರಿ. ಅಂಕಿ ತಿದ್ದೂದಿಲ್ಲ."

ಗುರು ಪಡುವಣ ಕಡೆ ಕೈ ತೋರಿಸಿದರು.

"ಹಂಗಾರ ಹೊತ್ತು ಮುಳುಗೂದರೊಳಗ ಹೊಂಡು."

ಕಸ್ತೂರಿ ಇದನ್ನು ಎಣಿಸಿರಲಿಲ್ಲ. ಅವಳಿಗೆ ಬೇರೆ ಮನೆಯಿರಲಿಲ್ಲ. ಪೇಟೆಯಲ್ಲಿದ್ದ ಬಾಡಿಗೆ ಕೋಣೆಯನ್ನು ಬಿಟ್ಟು, ಇನ್ನು ಇದೇ ನನ್ನ ನೆಲೆ ಎಂದು ಬಂದವಳು. ಮೂರು ವರ್ಷ ಈ ಚಪ್ಪರದ ನೆರಳಿನಲ್ಲಿ ಅವಳು ಸುಖವಾಗಿದ್ದಳು. ಒಂದು ಅಂಕಿ ತಿದ್ದಿದ್ದರೆ ಇನ್ನೂ ಇರಬಹುದಿತ್ತು.

ಅಳು ಬಂತು. ಅತ್ತಳು. ತಿದ್ದಲಿಲ್ಲ.

ಎದ್ದು ದೊಡ್ಡಜ್ಜನ ಗದ್ದುಗೆಗೆ ಅಡ್ಡಬಿದ್ದಳು. ಗುರುವಿಗೆ ಅಡ್ಡಬೀಳಲಿಲ್ಲ. ನೇರವಾಗಿ ತನ್ನ ಕೋಣೆಗೆ ಹೋಗಿ ಬಟ್ಟೆ ಗಂಟು ಕಟ್ಟತೊಡಗಿದಳು.

ನಿರ್ವಾಣಯ್ಯ ಸಮಾಧಾನದ ಉಸಿರು ಬಿಟ್ಟ. "ಧರ್ಮ ಉಳೀತ್ರಿ ಅಜ್ಜಾರ."

"ಹೂಂ. ಕೂಡು" ಎಂದರು ಗುರು. "ಒಂದು ಮಾತು ಕೇಳತೀನಿ. ನೈವೇದ್ಯ ಮಾಡೂಕಿಂತ ಮೊದಲು ನೀ ಆಸವದ ರುಚಿ ನೋಡತಿ ಏನು?"

"ಶಿವ ಶಿವಾ. ಎಂಜಲಾಗತೈತ್ರಿ."

"ನೈವೇದ್ಯ ಆದ ಮ್ಯಾಲ?"

"ಆವಾಗ ಅದು ಪ್ರಸಾದ್ರಿ. ಪ್ರಸಾದದ ರುಚಿ ನೋಡಬಾರದು."

"ಮೊದಲು ನೋಡಿದ್ರ ಎಂಜಲು. ಆಮ್ಯಾಲ ನೋಡಿದ್ರ ಪಾಪ. ಹಂಗಾರ ಈ ಇಪ್ಪತ್ತೆರಡು ವರ್ಷದಾಗ ಅದರ ರುಚಿ ನೋಡಿದವರು ಯಾರು ನಿರ್ವಾಣಯ್ಯ?"



ಗುರು ಒಳಗೆ ಹೋಗಿ ಭರಣಿಯಿಂದ ಒಂದು ತಂಬಿಗೆ ಆಸವ ತಂದರು. ಚಮಚದ ಲೆಕ್ಕವಲ್ಲ, ತುಂಬಿದ ತಂಬಿಗೆ.

"ಕುಡಿ. ಕಣ್ಣು ಮುಚ್ಚಬ್ಯಾಡ."

"ಅಜ್ಜಾರ..."

"ಇದು ನೈವೇದ್ಯ ಅಲ್ಲ, ಪ್ರಸಾದನೂ ಅಲ್ಲ. ನೀ ಮಾಡಿದ್ದು, ನೀ ಕುಡಿ."

ಮೊದಲ ಗುಟುಕಿಗೆ ನಿರ್ವಾಣಯ್ಯನ ಮುಖ ಕಿವುಚಿತು. ಎರಡನೆಯದಕ್ಕೆ ಕೆಮ್ಮು ಬಂತು. ಛಲಗಾರ, ಮೂರನೆಯದನ್ನೂ ಕುಡಿದ. ತಂಬಿಗೆಯನ್ನು ಕೆಳಗಿಟ್ಟು ಅದನ್ನೇ ನೋಡುತ್ತ ಕೂತ.

"ಹೆಂಗೈತಿ?"

"ಅಮೃ..." ಎಂದ. ಮುಂದಿನ ಅಕ್ಷರ ಹೊರಡಲಿಲ್ಲ.

"ಹೆಂಗೈತಿ, ನಿರ್ವಾಣಯ್ಯ?"

"ಹುಳಿ ಐತ್ರಿ" ಎಂದ. "ಗಂಟಲಾ ಉರೀತೈತ್ರಿ."

ಅವನ ಕಣ್ಣಲ್ಲಿ ನೀರು ತುಂಬಿತು. ಆಸವದಿಂದ ಬಂದದ್ದೋ ಮನಸ್ಸಿನಿಂದ ಬಂದದ್ದೋ, ಅವನಿಗೇ ಗೊತ್ತಾಗಲಿಲ್ಲ. ಇಪ್ಪತ್ತೆರಡು ವರ್ಷ ತಣ್ಣೀರು ಮಿಂದು, ಉಪವಾಸವಿದ್ದು, ತನ್ನ ಗುರುವಿನ ಗುರುವಿಗೆ ಅವನು ಎಡೆ ಮಾಡಿದ್ದು ಸಿರ್ಕಾ.

ತಲೆಯೆತ್ತಿದ. ದನಿ ಬೇರೆಯಾಗಿತ್ತು.

"ನೀವೂ ಪ್ರತಿವರ್ಷ ಕುಡೀತಿದ್ರಿ ಅಜ್ಜಾರ. ನಿಮಗ ಯಾವಾಗ ಗೊತ್ತಾತು?"

"ನೀ ಮಾಡಿದ ಮೊದಲ ವರ್ಷ."

"ಗೊತ್ತಿದ್ದೂ ಹೇಳಲಿಲ್ಲ?"

"ಹೇಳಲಿಲ್ಲ."

"ಒಂದ ಮಾತು ಹೇಳಿದ್ರ ಎರಡನೇ ವರ್ಷನ ಸರಿ ಮಾಡತಿದ್ದೆ" ಎಂದ ನಿರ್ವಾಣಯ್ಯ. ಗುರುವಿನೆದುರು ಅವನು ದನಿಯೇರಿಸಿದ್ದು ಅದೇ ಮೊದಲು. "ನನ್ನ ಇಪ್ಪತ್ತೆರಡು ವರ್ಷ ಯಾರು ಕೊಡತಾರ?"

ಕಸ್ತೂರಿ ಗಂಟು ಹೊತ್ತು ಬಾಗಿಲಿಗೆ ಬಂದಿದ್ದಳು. ಮಾತೆಲ್ಲ ಅವಳ ಕಿವಿಗೆ ಬಿದ್ದಿತ್ತು. ಗಂಟನ್ನು ಕೆಳಗೆ ಹಾಕಿ ನೇರವಾಗಿ ಚಪ್ಪರದ ಕೆಳಗೆ ಬಂದಳು.

"ಸಿರ್ಕಾ ಅಂತ ಗೊತ್ತಿದ್ದೂ ನನಗ ನೂರು ಬರಿ ಅಂದ್ರಿ?"

"ಹೂಂ."

"ಗೊತ್ತಿದ್ದೂ ಹೊಂಡು ಅಂದ್ರಿ?"

"ಹೂಂ. ಅಂಕಿ ಬಿಡತಿಯೋ ನೆಲಿ ಬಿಡತಿಯೋ ನೋಡಬೇಕಿತ್ತು. ಎಲ್ಲಿ ತಿದ್ದಿಬಿಡತಿಯೋ ಅಂತ ಅಂಜಿಕೆ ಬಂದಿತ್ತು."

"ತಿದ್ದಿದ್ರ ಏನ್ ಮಾಡತಿದ್ರಿ?"

"ಇನ್ನೂ ಇಪ್ಪತ್ತೆರಡು ವರ್ಷ ಸಿರ್ಕಾ ಕುಡೀತಿದ್ದೆ."

ಕಸ್ತೂರಿ ನಗಲಿಲ್ಲ. ಅವಳ ಸಿಟ್ಟು ಇಳಿದಿರಲಿಲ್ಲ, ಇಳಿಯಬೇಕಾದ ಕಾರಣವೂ ಇರಲಿಲ್ಲ. "ನಾ ನಿಮ್ಮ ಪರೀಕ್ಷಾಕ್ಕ ಬಂದಾಕಿ ಅಲ್ರಿ. ಇರಾಕ ಬಂದಾಕಿ" ಎಂದಳು.

ಗುರು ತಂಬಿಗೆಯನ್ನು ಎತ್ತಿ, ಉಳಿದದ್ದನ್ನು ತಾವೇ ಕುಡಿದು ಮುಗಿಸಿದರು. ಈ ಸಲ ಅವರ ಮುಖವೂ ಕಿವುಚಿತು. ಅವರು ಅದನ್ನು ಮುಚ್ಚಿಕೊಳ್ಳಲಿಲ್ಲ.

"ದೊಡ್ಡಜ್ಜಾರ ಇದ್ದಾಗ ಆಸವ ಅವರೇ ಮಾಡತಿದ್ದರು" ಎಂದರು. "ಒಂದು ವರ್ಷ ಕೆಟ್ಟಿತ್ತು. ನನ್ನ ಕೈಯಾಗ ಲೋಟ ಕೊಟ್ಟು, ಹೆಂಗೈತಿ ಮುರಗೆಪ್ಪ ಅಂದರು. ನಾ ಅಮೃತ ಅಂದೆ."

"ಆಮ್ಯಾಲ?" ಎಂದ ನಿರ್ವಾಣಯ್ಯ.

"ನನ್ನ ಮಾರಿ ನೋಡಿದರು, ಅಷ್ಟ. ಆಮ್ಯಾಲ ಹನ್ನೊಂದು ವರ್ಷ ಬದುಕಿದ್ದರು. ಉಣ್ಣಾಕ ಹಾಕಿದರು, ಮಗನಂಗ ನೋಡಿದರು. ಆದ್ರ ಕಲಿಸೂದು ಬಿಟ್ಟರು."

"ನೀವು ಯಾಕ ಅಂತ ಕೇಳಲಿಲ್ಲೇನ್ರಿ?" ಎಂದಳು ಕಸ್ತೂರಿ.

"ಕೇಳಿದೆ. ಅಮೃತ ಕುಡದಾವಗ ಕಲಿಸೂದು ಏನು ಉಳದೈತಿ ಅಂದರು."

ಚಪ್ಪರದ ಮೇಲೆ ಗುಬ್ಬಿಗಳು ಉಳಿದ ಹಣ್ಣಿಗೆ ಜಗಳವಾಡುತ್ತಿದ್ದವು.

"ನಿನಗ ಹೇಳಬೇಕಂತ ಪ್ರತಿವರ್ಷ ಬಾಯಿತನಕ ಬರತಿತ್ತು ನಿರ್ವಾಣಯ್ಯ. ನಿನ್ನ ಮಾರಿ ನೋಡಿ ನುಂಗತಿದ್ದೆ. ಕರುಣಾ ಅಂತ ತಿಳಕೊಂಡಿದ್ದೆ. ಕರುಣಾ ಅಲ್ಲ, ಪುಕ್ಕಲತನ."

ನಿರ್ವಾಣಯ್ಯ ಕ್ಷಮಿಸಿದೆ ಎನ್ನಲಿಲ್ಲ. ಎದ್ದು ಹೋಗಿ ಬಾಗಿಲ ಬಳಿ ಬಿದ್ದಿದ್ದ ಕಸ್ತೂರಿಯ ಗಂಟನ್ನು ಎತ್ತಿ ಹೆಗಲ ಮೇಲಿಟ್ಟುಕೊಂಡ. ಅವಳ ಕೋಣೆಗೆ ಒಯ್ದು ಇಟ್ಟು ಬಂದ.

"ತಂಗಿ" ಎಂದ. ಮೂರು ವರ್ಷದಲ್ಲಿ ಅವನು ಅವಳನ್ನು ಹಾಗೆ ಕರೆದಿರಲಿಲ್ಲ. "ಭರಣಿ ಬಾಯಿ ಹೆಂಗ ಕಟ್ಟಬೇಕು, ಹೇಳು."

"ಹುದುಗು ನಿಂತ ಮ್ಯಾಲ ಕಂಠಮಟ ತುಂಬಬೇಕ್ರಿ ಅಣ್ಣಾರ. ಮ್ಯಾಲ ಬಿಗಿ ಮುಚ್ಚಳ, ಅದರ ಸುತ್ತ ಜೇನುಮೇಣ. ಒಂದು ಇರುವಿ ಉಸಿರಾಡಾಕೂ ಜಾಗಾ ಇರಬಾರದು."

"ಮತ್ತ?"

"ಮತ್ತ ನಡುನಡುವ ಒಂದ ಹನಿ ನಾಲಿಗಿಗೆ ಹಚ್ಚಿ ನೋಡಬೇಕು."

"ಎಂಜಲಾಗತೈತಿ."

"ಕೆಟ್ಟದ್ದನ್ನ ಕಣ್ಣು ಮುಚ್ಚಿ ಎಡಿ ಇಡೂಕಿಂತ ಎಂಜಲ ಚಲೋ ಅಲ್ರೀ?"

ನಿರ್ವಾಣಯ್ಯ ತಲೆ ಕೆರೆದುಕೊಂಡ. ಒಪ್ಪಿಗೆಯೋ ಅಲ್ಲವೋ ತಿಳಿಯಲಿಲ್ಲ, ಆದರೆ ಮೇಣ ಎಲ್ಲಿ ಸಿಗುತ್ತದೆ ಎಂದು ಕೇಳಿದ.

ಕಸ್ತೂರಿ ಗುರುವಿನ ಕಡೆ ತಿರುಗಿದಳು. "ನಾ ಇರತೀನ್ರಿ ಅಜ್ಜಾರ. ಆದ್ರ ನಿಮ್ಮ ಸಲುವಾಗಿ ಅಲ್ಲ, ಅಣ್ಣಾರು ಗಂಟು ಒಳಗ ಇಟ್ಟಿದ್ದಕ್ಕ. ಅಂಕಿನೂ ಅಲ್ಲೇ ಇರತೈತಿ."

"ಇರಲಿ" ಎಂದರು ಗುರು. "ಆ ಪುಸ್ತಕ ಇಲ್ಲಿ ಕೊಡು."

ಅವಳು ಅನುಮಾನಿಸುತ್ತಲೇ ಕೊಟ್ಟಳು. ಹರಿಯುತ್ತಾರೇನೋ ಎಂದು ಕೈ ಮುಂದಕ್ಕೇ ಇಟ್ಟುಕೊಂಡಿದ್ದಳು.

ಗುರು ಹಾಳೆ ತಿರುವುತ್ತ ಹೋದರು. ಖಾಲಿ ಹಾಳೆ ಸಿಕ್ಕಿತು. ಅದರ ತಲೆಯ ಮೇಲೆ ದಪ್ಪ ಅಕ್ಷರದಲ್ಲಿ "ಮುರಗೆಪ್ಪ" ಎಂದು ಬರೆದರು. ಅಜ್ಜ ಎಂದೂ ಬರೆಯಲಿಲ್ಲ, ಗುರು ಎಂದೂ ಬರೆಯಲಿಲ್ಲ. ನೋಟ್‌ಬುಕ್ಕನ್ನೂ ಪೆನ್ನನ್ನೂ ಅವಳ ಕೈಗೆ ಕೊಟ್ಟು, ಎದುರಿಗೆ ನೆಟ್ಟಗೆ ಕೂತರು.

"ಆಸವದ್ದು ಮುಗೀತು. ಈಗ ನನಗೆಷ್ಟು, ಬರಿ. ಅಂಜಿ ಒಂದೂ ಹೆಚ್ಚಿಗೆ ಹಾಕಬ್ಯಾಡ."